ಕೆಂಪು ಗೆರೆ ಎಳೆದ ಉಪಸೆಕ್ಷನ್, ತಡವಾಗಿ ಬಂದ ಸಮನ್ಸ್

ತುಮಕೂರಿನ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಈಚೆಗೆ ನೋಡಿದ ಒಂದು ಪುಟ ಇನ್ನೂ ತಲೆಯಿಂದ ಹೋಗುತ್ತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಹಳೆಯ ಪ್ರತಿ ಅದು. ರಟ್ಟು ಕಿತ್ತುಹೋಗಿ, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿದ್ದರು. ಸೆಕ್ಷನ್ 166ರ ಮೂರನೇ ಉಪಸೆಕ್ಷನ್ ಮೇಲೆ ಕೆಂಪು ಪೆನ್ಸಿಲಿನ ಎರಡು ಗೆರೆ, ಪಕ್ಕದಲ್ಲಿ ‘14-11-94ರಿಂದ ಇಲ್ಲ’ ಎಂಬ ಟಿಪ್ಪಣಿ. ಅದೇ ಅಂಚಿನಲ್ಲಿ, ಸ್ವಲ್ಪ ನಡುಗುವ ಕೈಬರಹದಲ್ಲಿ, ನೀಲಿ ಶಾಯಿ: ‘1-4-22ರಿಂದ ಮತ್ತೆ ಇದೆ’. ಎರಡೂ ಒಬ್ಬರದೇ ಕೈ. ಅಪಘಾತವಾಗಿ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು ಎನ್ನುವ ಒಂದು ವಾಕ್ಯ ಸತ್ತು, ಇಪ್ಪತ್ತೇಳು ವರ್ಷದ ಮೇಲೆ ಎದ್ದುಬಂದ ಕಥೆ ಆ ಅಂಚಿನಲ್ಲೇ ಇತ್ತು.

ನಾನು ಅಲ್ಲಿಗೆ ಹೋಗಿದ್ದು ಪರಿಚಿತರ ಮಗನ ಜೊತೆ. ಹುಡುಗನಿಗೆ ಈಗ ಇಪ್ಪತ್ತು ತುಂಬಿದೆ, ಎಂಜಿನಿಯರಿಂಗ್ ಓದುತ್ತಿದ್ದಾನೆ. 2024ರ ಆಗಸ್ಟ್‌ನಲ್ಲಿ, ಎಲ್‌ಎಲ್‌ಆರ್ ಎಂಬ ಕಲಿಕಾ ಲೈಸೆನ್ಸ್ ಕೈಗೆ ಬಂದ ಹೊಸತರಲ್ಲಿ, ಅಪ್ಪನ ಕಾರು ಓಡಿಸುತ್ತಿದ್ದಾಗ ಅಡ್ಡರಸ್ತೆಯಿಂದ ಬಂದ ಸ್ಕೂಟರಿಗೆ ತಾಗಿಸಿದ್ದ. ಸ್ಕೂಟರಿನವರ ಕಾಲು ಮುರಿಯಿತು. ಪಕ್ಕದ ಸೀಟಿನಲ್ಲಿ ಚಿಕ್ಕಪ್ಪ ಇದ್ದರು. ಆಸ್ಪತ್ರೆಗೆ ಸೇರಿಸಿದರು, ಮೊದಲ ಬಿಲ್ ಕಟ್ಟಿದರು, ‘ಇಲ್ಲೇ ಮಾತಾಡಿ ಮುಗಿಸೋಣ’ ಎಂದು ಕೈ ಹಿಡಿದು ಹೇಳಿ ಬಂದರು. ಪೊಲೀಸರಿಗೆ ಹೇಳಲಿಲ್ಲ, ವಿಮಾ ಕಂಪನಿಗೂ ಹೇಳಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಗಾಯಾಳುವಿನ ತಮ್ಮ ದೂರು ಕೊಟ್ಟರು, ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಸೆಕ್ಷನ್‌ಗಳಡಿ ಚಾರ್ಜ್‌ಶೀಟ್ ಆಯಿತು. ಆಮೇಲೆ ವರ್ಷಕ್ಕೂ ಮಿಕ್ಕಿ ಸದ್ದಿಲ್ಲ. ಈಗ ಅಪಘಾತ ಪರಿಹಾರದ ಅರ್ಜಿಯ ಎಂವಿಸಿ ನಂಬರ್ ಹಾಕಿದ ಸಮನ್ಸ್ ಮನೆಗೆ ಬಂದಿದೆ. ಅಪ್ಪ ಒಂದನೇ ಪ್ರತಿವಾದಿ, ವಿಮಾ ಕಂಪನಿ ಎರಡನೇದು, ಹುಡುಗ ಮೂರನೇದು. ಕೇಳಿರುವ ಮೊತ್ತ ಓದಿ ಅವನಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

‘ಆರು ತಿಂಗಳು ದಾಟಿದೆಯಲ್ಲ ಸಾರ್, ಕೇಸ್ ನಿಲ್ಲಲ್ಲ ಅಂತ ಎಲ್ಲರೂ ಹೇಳ್ತಾರೆ’ ಎಂದ. ವಕೀಲರು ಉತ್ತರ ಕೊಡಲಿಲ್ಲ. ಎದ್ದುಹೋಗಿ ಆ ಹಳೇ ಪುಸ್ತಕ ತಂದು ಮುಂದಿಟ್ಟರು.

ಆ ಉಪಸೆಕ್ಷನ್‌ನ ವಂಶಾವಳಿ ನನಗೆ ಕಾದಂಬರಿಗಿಂತ ಹೆಚ್ಚು ಹಿಡಿಸಿತು. 1939ರ ಕಾಯ್ದೆಗೆ 1956ರಲ್ಲಿ ತಿದ್ದುಪಡಿ ತಂದು ಅಪಘಾತ ಪರಿಹಾರಕ್ಕೇ ನ್ಯಾಯಮಂಡಳಿಗಳನ್ನು ಮಾಡಿದಾಗ ಅರ್ಜಿಗೆ ಕೊಟ್ಟ ಗಡುವು 60 ದಿನ. 1969ರ ತಿದ್ದುಪಡಿ ಅದನ್ನು ಆರು ತಿಂಗಳಿಗೆ ಏರಿಸಿತು. 1988ರ ಕಾಯ್ದೆ ಆರು ತಿಂಗಳನ್ನೇ ಉಳಿಸಿಕೊಂಡಿತು, ಸಕಾರಣವಿದ್ದರೆ ಹನ್ನೆರಡು ತಿಂಗಳವರೆಗೆ ಮನ್ನಿಸಬಹುದೆಂಬ ಬಾಲವನ್ನೂ ಅಂಟಿಸಿತು. ಹದಿಮೂರನೇ ತಿಂಗಳಲ್ಲಿ ಬಂದ ವಿಧವೆಯನ್ನು ನ್ಯಾಯಾಧೀಶರು ಮನಸ್ಸಿದ್ದರೂ ವಾಪಸು ಕಳಿಸಬೇಕಾಗುತ್ತಿತ್ತು. ಸಂಸತ್ತು 1994ರಲ್ಲಿ ಇಡೀ ಉಪಸೆಕ್ಷನ್ ಕಿತ್ತುಹಾಕಿತು. 1996ರಲ್ಲಿ ಸುಪ್ರೀಂ ಕೋರ್ಟ್, ತಿದ್ದುಪಡಿಗೆ ಮೊದಲೇ ಹಾಕಿ ಬಾಕಿ ಉಳಿದಿದ್ದ ಅರ್ಜಿಗಳಿಗೂ ಇದರ ಲಾಭ ಸಿಗಬೇಕು ಎಂದಿತು. ಆ ತೀರ್ಪಿನ ಜೆರಾಕ್ಸ್ ಪ್ರತಿಯೂ ಪುಸ್ತಕದೊಳಗೆ ಮಡಚಿಟ್ಟಿತ್ತು, ಮಡಿಕೆಗಳಲ್ಲಿ ಅಕ್ಷರ ಮಾಸಿದ್ದವು.

2019ರ ತಿದ್ದುಪಡಿ ಅದೇ ಉಪಸೆಕ್ಷನ್ ಅನ್ನು ಮರಳಿ ತಂದಿತು. ಜಾರಿಯಾದದ್ದು 2022ರ ಏಪ್ರಿಲ್ 1ರಿಂದ. ನೀಲಿ ಶಾಯಿಯ ಸಾಲು ಯಾಕಿಷ್ಟು ಗಿಡ್ಡ ಎಂದು ಕೇಳಿದೆ. ‘ಬಾಲ ಬಿಟ್ಟು ಬಂದಿದೆ, ನೋಡಿ’ ಎಂದರು. ಹೌದು, ಹನ್ನೆರಡು ತಿಂಗಳವರೆಗೆ ಮನ್ನಿಸುವ ಮಾತು ಹೊಸ ಉಪಸೆಕ್ಷನ್‌ನಲ್ಲಿ ಇಲ್ಲವೇ ಇಲ್ಲ. ಕೆಂಪು ಗೆರೆಯ ಅಡಿಯಲ್ಲಿರುವುದು ನೀಲಿ ಸಾಲಿಗಿಂತ ಹೆಚ್ಚು ಕರುಣೆಯ ಕಾನೂನು. ನಾನು ಆ ಪುಟದ ಫೋಟೊ ತೆಗೆದುಕೊಂಡೆ. ಎರಡು ಸಾಲುಗಳನ್ನು ಹೀಗೆ ಒಟ್ಟಿಗೇ ಓದುವ ಅವಕಾಶ ಹೊಸ ಮುದ್ರಣದಲ್ಲಿ ಯಾರಿಗೂ ಸಿಗುವುದಿಲ್ಲ.

ಗಡುವಿನ ಪರವಾಗಿಯೂ ವಾದವಿದೆ. ವರ್ಷಗಟ್ಟಲೆ ಕಳೆದ ಮೇಲೆ ಬರುವ ಅರ್ಜಿಗಳಲ್ಲಿ ವಾಹನವೇ ಬದಲಾಗಿರುತ್ತದೆ, ಚಾಲಕನೇ ಬೇರೆ ಇರುತ್ತಾನೆ ಎಂಬುದು ವಿಮಾ ಕಂಪನಿಗಳ ಹಳೇ ದೂರು. ಅದು ಬರೀ ದೂರೂ ಅಲ್ಲ. ಉತ್ತರ ಪ್ರದೇಶದಲ್ಲಿ ನಕಲಿ ಕ್ಲೇಮುಗಳ ತನಿಖೆಗೆಂದೇ 2015ರಲ್ಲಿ ಹೈಕೋರ್ಟ್ ಆದೇಶದ ಮೇಲೆ ಎಸ್‌ಐಟಿ ರಚನೆಯಾಗಿತ್ತು. ಆದರೂ ಈ ಗಡುವು ನನಗೆ ಸರಿ ಕಾಣುವುದಿಲ್ಲ. ತೊಡೆಯ ಮೂಳೆಗೆ ರಾಡ್ ಹಾಕಿಸಿಕೊಂಡವರು ಅದನ್ನು ತೆಗೆಸುವ ಹೊತ್ತಿಗೆ ವರ್ಷ, ಒಂದೂವರೆ ವರ್ಷ ಆಗುತ್ತದೆ. ಕಾಲು ಎಷ್ಟು ಮಡಚುತ್ತದೆ, ಕುಂಟು ಎಷ್ಟು ಉಳಿಯುತ್ತದೆ ಎಂದು ವೈದ್ಯರು ಬರೆದುಕೊಡುವುದು ಆಮೇಲೆ. ಅಲ್ಲದೆ ತಡ ಮಾಡಿದವರಿಗೆ ಕಾಯ್ದೆ ಮೊದಲಿಂದಲೂ ಒಂದು ಪೆಟ್ಟು ಕೊಡುತ್ತಲೇ ಇದೆ: ಸೆಕ್ಷನ್ 171ರ ಪ್ರಕಾರ ಬಡ್ಡಿ ಓಡುವುದು ಅರ್ಜಿ ಹಾಕಿದ ದಿನದಿಂದ, ಅಪಘಾತದ ದಿನದಿಂದಲ್ಲ. ಇದು ಸಾಲದೆ ಬಾಗಿಲನ್ನೂ ಮುಚ್ಚಬೇಕೆ?

ಮುಚ್ಚಬೇಕಾಗಿಯೂ ಇಲ್ಲ, ಪೊಲೀಸರು ತಮ್ಮ ಪಾಲಿನ ಕೆಲಸ ಮಾಡಿದರೆ. ಹೊಸ ನಿಯಮಗಳ ಪ್ರಕಾರ ಮಾಹಿತಿ ಬಂದ 48 ಗಂಟೆಯೊಳಗೆ ತನಿಖಾಧಿಕಾರಿ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕೊಡಬೇಕು. ವಿವರವಾದ ವರದಿಗೆ 90 ದಿನ. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ನ್ಯಾಯಮಂಡಳಿ ಪರಿಗಣಿಸಬೇಕೆಂದು ಸೆಕ್ಷನ್ 166ರ ನಾಲ್ಕನೇ ಉಪಸೆಕ್ಷನ್ ಹೇಳುತ್ತದೆ. 2022ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿಗಳಾದ ಅಬ್ದುಲ್ ನಜೀರ್ ಮತ್ತು ಜೆ.ಕೆ. ಮಾಹೇಶ್ವರಿ ಅವರ ಪೀಠ ಇದನ್ನೆಲ್ಲ ಕಟ್ಟುನಿಟ್ಟಾಗಿ ಪಾಲಿಸಿ ಎಂದು ರಾಜ್ಯಗಳಿಗೆ ಸೂಚಿಸಿತ್ತು. ಆಸ್ಪತ್ರೆಯಲ್ಲಿ ಮಲಗಿದವರು ಗಡುವು ಎಣಿಸದೆ ಇರಬಹುದಾದ ಈ ಏರ್ಪಾಟು ಊರೂರಿನ ಠಾಣೆಗಳಲ್ಲಿ ನಿಜವಾಗಿ ನಡೆಯಬೇಕೆಂಬುದು ನನ್ನ ಆಸೆ.

ಹುಡುಗನ ಪ್ರಶ್ನೆಗೆ ಬಂದರೆ, ಗಡುವಿನ ಆಸರೆ ಈಗ ಅವನಿಗಿಲ್ಲ. ಆರು ತಿಂಗಳ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ನಲ್ಲಿವೆ. ಅವು ತೀರ್ಮಾನವಾಗುವವರೆಗೆ ತಡವಾಯಿತೆಂಬ ಕಾರಣಕ್ಕೆ ಯಾವ ಕ್ಲೇಮನ್ನೂ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂದಿದೆ. ದೂರು ತಡವಾಯಿತೆಂಬ ವಾದಕ್ಕೂ ಹೆಚ್ಚು ಬಲವಿಲ್ಲ. ಮನೆಯವರು ಮೊದಲು ಗಾಯಾಳುವನ್ನು ನೋಡಿಕೊಳ್ಳುತ್ತಾರೆಯೇ ಹೊರತು ಠಾಣೆಗೆ ಓಡುವುದಿಲ್ಲ, ಅದೊಂದೇ ಕಾರಣಕ್ಕೆ ಕ್ಲೇಮು ಬೀಳದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ತಡವಾದ ದೂರನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡಿ ಎಂದೂ ಅದೇ ತೀರ್ಪಿನಲ್ಲಿದೆ. ಆಸ್ಪತ್ರೆಯ ಎಂಎಲ್‌ಸಿ (ವೈದ್ಯಕೀಯ-ಕಾನೂನು) ದಾಖಲೆಯಲ್ಲಿ ಮೊದಲ ದಿನ ಏನು ಬರೆದಿದ್ದರು, ಮೋಟಾರು ವಾಹನ ನಿರೀಕ್ಷಕರ (ಐಎಂವಿ) ವರದಿಯಲ್ಲಿ ಕಾರಿನ ಯಾವ ಭಾಗಕ್ಕೆ ಪೆಟ್ಟು ಎಂದಿದೆ, ಮಹಜರಿನ ನಕ್ಷೆಯಲ್ಲಿ ಸ್ಕೂಟರು ಯಾವ ಕಡೆಯಿಂದ ಬಂದಿತ್ತು ಎಂಬ ಕಡೆಗೇ ವಕೀಲರ ಗಮನವೆಲ್ಲ.

ಅವನ ನಿಜವಾದ ಕುತ್ತು ಎಲ್‌ಎಲ್‌ಆರ್. ಥರ್ಡ್ ಪಾರ್ಟಿ ವಿಮೆ ಮಾಡಿಸುವಾಗ ನಮ್ಮಲ್ಲಿ ಚಾಲಕನ ವಯಸ್ಸು ಲೆಕ್ಕಕ್ಕಿಲ್ಲ. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 1000ದಿಂದ 1500 ಸಿಸಿ ಕಾರಿಗೆ 3,416 ರೂಪಾಯಿ, ಓಡಿಸುವವರು ಹತ್ತೊಂಬತ್ತರವರಾದರೂ ಅರವತ್ತರವರಾದರೂ. ಲೈಸೆನ್ಸಿನ ಪ್ರಶ್ನೆ ಏಳುವುದು ಕ್ಲೇಮು ಬಂದಾಗ. ಕಲಿಕಾ ಲೈಸೆನ್ಸೂ ಲೈಸೆನ್ಸೇ, ಆ ಕಾರಣಕ್ಕೆ ಕಂಪನಿ ನುಣುಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ 2004ರಲ್ಲಿ ಸ್ಪಷ್ಟಪಡಿಸಿತು. ಆದರೆ ನಿಯಮ ಪಾಲಿಸಿರಬೇಕು: ಪಕ್ಕದಲ್ಲಿ ಪೂರ್ಣ ಲೈಸೆನ್ಸಿನವರು ಇರಬೇಕು, ಕಾರಿನ ಹಿಂದೆ ಮುಂದೆ ಬಿಳಿ ಹಲಗೆಯಲ್ಲಿ ಕೆಂಪು ‘ಎಲ್’ ಇರಬೇಕು, ಅಕ್ಷರದ ಎತ್ತರ 10 ಸೆಂಟಿಮೀಟರಿಗೆ ಕಡಿಮೆ ಇರಬಾರದು. ಚಿಕ್ಕಪ್ಪ ಇದ್ದರು ಸರಿ, ‘ಎಲ್’ ಹಲಗೆ ಇತ್ತೇ? ಇತ್ತು ಎಂದ ಹುಡುಗ. ಆವತ್ತು ತೆಗೆದ ಒಂದು ಫೋಟೊ ಅಕ್ಕನ ಮೊಬೈಲಿನಲ್ಲಿ ಸಿಕ್ಕಿತು, ಬಂಪರಿನ ಮೇಲಿನ ಕೆಂಪಕ್ಷರ ಅದರಲ್ಲಿ ಅರ್ಧ ಕಾಣುತ್ತದೆ. ವಕೀಲರು ಅದನ್ನು ಬಹಳ ಹೊತ್ತು ನೋಡಿದರು.

ನಿಯಮ ತಪ್ಪಿತ್ತೆಂದು ಸಾಬೀತಾದರೂ ಗಾಯಾಳು ಬರಿಗೈಯಲ್ಲಿ ಹೋಗುವುದಿಲ್ಲ. ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಬೇಕು; ಕರ್ನಾಟಕ ಹೈಕೋರ್ಟ್‌ನ ಪೂರ್ಣಪೀಠ 2020ರಲ್ಲಿ ಹೇಳಿದ್ದೂ ಇದನ್ನೇ. ಮಾಲೀಕರೆಂದರೆ ಇಲ್ಲಿ ಅಪ್ಪ. ಹುಡುಗನ ಮುಖ ಇಳಿದದ್ದು ಈ ಮಾತಿಗೆ.

ಇನ್ನು ಕಂಪನಿಗೆ ತಿಳಿಸದೆ ಇದ್ದದ್ದು. ಪಾಲಿಸಿ ನಂಬರು, ಅಪಘಾತದ ದಿನ, ಹೊತ್ತು, ಜಾಗ, ಗಾಯಾಳುವಿನ ವಿವರ, ಚಾಲಕನ ಹೆಸರು ಮತ್ತು ಲೈಸೆನ್ಸ್ ವಿವರಗಳನ್ನು ಚಾಲಕನೇ ಬರೆದು ತಿಳಿಸಬೇಕೆಂದು ಸೆಕ್ಷನ್ 134 ಹೇಳುತ್ತದೆ. ತಡವಾಗಿ ತಿಳಿಸಿದರೆಂಬುದು ಗಾಯಾಳುವಿಗೆ ಹಣ ಕೊಡದಿರಲು ಸೆಕ್ಷನ್ 150 ಒಪ್ಪುವ ಕಾರಣಗಳ ಪಟ್ಟಿಯಲ್ಲಿ ಇಲ್ಲ. ಹಾಗೆಂದು ಸುಮ್ಮನಿರುವುದು ಅಪಾಯ. ಸಮನ್ಸ್ ಪೆಟ್ಟಿಗೆಯಲ್ಲಿಟ್ಟು ಕೋರ್ಟಿಗೆ ಹೋಗದಿದ್ದರೆ ಎಕ್ಸ್‌ಪಾರ್ಟಿ ಆಗುತ್ತದೆ. ಲೈಸೆನ್ಸ್ ತೋರಿಸುವವರಿಲ್ಲ, ಚಿಕ್ಕಪ್ಪನ ಮಾತು ಕೇಳುವವರಿಲ್ಲ, ವಸೂಲಿಯ ಆದೇಶ ನೇರ ಮನೆಗೆ ಬರುತ್ತದೆ.

ಅಂದು ಸಂಜೆಯೇ ಅಪ್ಪ ಮಗ ಕೂತು ಕಂಪನಿಗೆ ಎರಡು ಪುಟದ ಪತ್ರ ಬರೆದರು. ಕಟ್ಟಿದ ಆಸ್ಪತ್ರೆ ಬಿಲ್ಲು, ಎಲ್‌ಎಲ್‌ಆರ್, ಚಿಕ್ಕಪ್ಪನ ಡಿಎಲ್, ಆ ಫೋಟೊ, ಎಲ್ಲದರ ಪ್ರತಿ ಲಗತ್ತಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರು. ನಡೆದದ್ದನ್ನು ನಡೆದಂತೆಯೇ ಬರೆಯಿರಿ, ಮಾತಾಡಿ ಮುಗಿಸಲು ನೋಡಿದ್ದನ್ನೂ ಮುಚ್ಚಬೇಡಿ ಎಂದು ವಕೀಲರು ಹೇಳಿದ್ದರು. ಕಂಪನಿಯ ಪರ ವಕೀಲರು ಆಕ್ಷೇಪಣೆ ಸಲ್ಲಿಸಲು ಸಮಯ ಕೇಳಿದ್ದಾರೆ, ಆರ್‌ಟಿಒ ಕಚೇರಿಯಿಂದ ಎಲ್‌ಎಲ್‌ಆರ್ ದಾಖಲೆ ತರಿಸಲು ಅರ್ಜಿ ಹಾಕುತ್ತಾರಂತೆ. ಚಿಕ್ಕಪ್ಪ ಸಾಕ್ಷಿ ನುಡಿಯಲು ಒಪ್ಪಿದ್ದಾರೆ.