ದೊಡ್ಡಮಳೂರಿನ ಕೃಷ್ಣನೂ ಕಾಪಿ ರಾಗದ ಪದವೂ

ಪುರಂದರದಾಸರ (1484–1564) ‘ಜಗದೋದ್ಧಾರನ’ ಪದ ಹುಟ್ಟಿದ್ದು ದೊಡ್ಡಮಳೂರಿನಲ್ಲಿ ಎಂಬುದು ಐತಿಹ್ಯ. ಚನ್ನಪಟ್ಟಣ ತಾಲ್ಲೂಕಿನ ಊರು ಅದು. ಬೆಂಗಳೂರು–ಮೈಸೂರು ರಸ್ತೆಯ ಮಗ್ಗುಲಿನ ಅಪ್ರಮೇಯಸ್ವಾಮಿ ದೇವಾಲಯದಲ್ಲಿ ಅಂಬೆಗಾಲಿಕ್ಕುವ ನವನೀತಕೃಷ್ಣನಿದ್ದಾನೆ, ಕೈಯಲ್ಲಿ ಬೆಣ್ಣೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಅವನಿಗೆ ತೊಟ್ಟಿಲು ಒಪ್ಪಿಸುತ್ತಾರೆ.

ಪದದ ರಚನೆ ಸರಳ: ಪಲ್ಲವಿ, ಅನುಪಲ್ಲವಿ, ಮೂರು ಚರಣ. ವೇದಕ್ಕೂ ಸಿಗದವನು, ಅಣುವಿಗಿಂತ ಕಿರಿದಾದವನು, ಪರಮಪುರುಷ ಎಂದು ಚರಣಗಳು ದೇವರನ್ನು ಎತ್ತರಕ್ಕೇರಿಸುತ್ತವೆ. ಪ್ರತಿ ಸಲವೂ ಪಲ್ಲವಿ ಅವನನ್ನು ಯಶೋದೆಯ ಮಡಿಲಿಗೆ ಇಳಿಸುತ್ತದೆ. ಪದದ ಜೀವವಿರುವುದು ಈ ಏರಿಳಿತದಲ್ಲೇ. ಎರಡನೆಯ ಚರಣದಲ್ಲಿ ‘ಅಪ್ರಮೇಯ’ ಎಂಬ ಹೆಸರು ಬರುತ್ತದೆ. ಐತಿಹ್ಯಕ್ಕೆ ಅದೇ ಊರುಗೋಲು. ಆದರೆ ವಿಷ್ಣುಸಹಸ್ರನಾಮದಲ್ಲೂ ಇರುವ ಆ ಹೆಸರೊಂದನ್ನೇ ಪುರಾವೆ ಎನ್ನಲಾಗದು.

ಇಂದು ಇದನ್ನು ಹೆಚ್ಚಾಗಿ ಹಾಡುವುದು ಕಾಪಿ ರಾಗ, ಆದಿತಾಳದಲ್ಲಿ. ಕಾಪಿ 22ನೆಯ ಮೇಳವಾದ ಖರಹರಪ್ರಿಯದ ಜನ್ಯ. ಆದರೂ ತಾಯಿರಾಗದ ಸಾಧಾರಣ ಗಾಂಧಾರ, ಕೈಶಿಕಿ ನಿಷಾದಗಳ ಜೊತೆಗೆ ಅಂತರ ಗಾಂಧಾರವೂ ಕಾಕಲಿ ನಿಷಾದವೂ ಅಲ್ಲಲ್ಲಿ ಇಣುಕುತ್ತವೆ. ಒಂದೇ ಸಾಲಿನಲ್ಲಿ ಗಾಂಧಾರ ಬಣ್ಣ ಬದಲಿಸಿದಾಗ ಮುದ್ದೂ ಕರುಣೆಯೂ ಬೆರೆತ ಭಾವ ಮೂಡುತ್ತದೆ. ಮಗುವನ್ನಾಡಿಸುವ ಪದಕ್ಕೆ ಇದಕ್ಕಿಂತ ಒಪ್ಪುವ ರಾಗ ಸಿಗುವುದು ಕಷ್ಟ.

ಈ ಧಾಟಿ ಮಾತ್ರ ದಾಸರ ಕಾಲದ್ದಲ್ಲ. ಬಾಯಿಂದ ಬಾಯಿಗೆ ಬಂದ ದಾಸರ ಪದಗಳಲ್ಲಿ ಸಾಹಿತ್ಯ ಉಳಿಯಿತು, ಮೂಲ ಮಟ್ಟುಗಳು ಬಹುಮಟ್ಟಿಗೆ ಅಳಿದವು. ಇಪ್ಪತ್ತನೆಯ ಶತಮಾನದಲ್ಲಿ ಬಿ.ಎಸ್. ರಾಜಯ್ಯಂಗಾರ್ ಅವರ ಗ್ರಾಮಫೋನ್ ತಟ್ಟೆ ಈ ಪದವನ್ನು ಮನೆಮಾತಾಗಿಸಿತು, ಎಂ.ಎಸ್. ಸುಬ್ಬುಲಕ್ಷ್ಮಿ ಅದನ್ನು ಇನ್ನಷ್ಟು ದೂರ ಒಯ್ದರು.

ಮಟ್ಟು ಅಳಿದ ದಾಸರ ಪದದ ಪಕ್ಕದಲ್ಲಿ ಸ್ವರಗಳೂ ಉಳಿದ ಗಾನವೊಂದನ್ನು ಇಟ್ಟು ನೋಡಬಹುದು. ದಾಸರು ಬದುಕಿದ್ದ ಹದಿನಾರನೆಯ ಶತಮಾನದಲ್ಲೇ ರೋಮಿನಲ್ಲಿ ಪ್ಯಾಲೆಸ್ಟ್ರೀನ ಚರ್ಚಿನ ವೃಂದಗಾನಗಳನ್ನು ರಚಿಸುತ್ತಿದ್ದ. 1567ರಲ್ಲಿ ಅಚ್ಚಾದ ಅವನ ‘ಪೋಪ್ ಮಾರ್ಸೆಲಸ್ ಮಾಸ್’ ಬಹುತೇಕ ಆರು ದನಿಗಳದು. ಒಂದೊಂದು ದನಿಯದೂ ಬೇರೆ ನಡೆ. ಆದರೂ ದೀರ್ಘ ಪಠ್ಯವಿರುವ ಭಾಗಗಳಲ್ಲಿ ದನಿಗಳು ಒಟ್ಟಿಗೇ ಅಕ್ಷರ ನುಡಿಯುವುದರಿಂದ ಮಾತು ಮಸುಕಾಗುವುದಿಲ್ಲ. ದಾಸರದು ಒಂದೇ ಎಳೆಯ ಗಾನ, ಎಷ್ಟು ಮಂದಿ ಸೇರಿದರೂ ಅದೇ ಎಳೆ. ಮಾತು ಕೇಳುಗನಿಗೆ ತಲುಪಬೇಕೆಂಬ ಕಾಳಜಿ ಇಬ್ಬರದೂ. ಪ್ಯಾಲೆಸ್ಟ್ರೀನನ ಸ್ವರಗಳು ಅಚ್ಚಿನಲ್ಲಿ ಭದ್ರವಾಗಿವೆ. ದಾಸರ ಪದಕ್ಕೆ ಅಂಥ ಕಟ್ಟಿಲ್ಲ. ಹಾಗಾಗಿ ‘ಜಗದೋದ್ಧಾರನ’ವನ್ನು ಕಾಪಿ ಬಿಟ್ಟು ಬೇರೆ ರಾಗದಲ್ಲಿ ಹಾಡಿದರೆ ಅದನ್ನು ತಪ್ಪೆನ್ನಲು ಆಧಾರವಿಲ್ಲ.