ಮನೆಸಾಲ: ಮಂಜೂರಾದ ಮೇಲೂ ಎಚ್ಚರಿಕೆ ಬೇಕು



ಮನೆ ಕಟ್ಟಲು ಬ್ಯಾಂಕಿಗೆ ಅರ್ಜಿ ಕೊಟ್ಟಿದ್ದೀರಿ. ಪಂಚಾಯಿತಿಯ ಇ-ಸ್ವತ್ತು ಉತಾರ, ನಕ್ಷೆ, ಖರ್ಚಿನ ಅಂದಾಜು ಎಲ್ಲವನ್ನೂ ಒಪ್ಪಿಸಿದ್ದೀರಿ. ಮಂಜೂರಾತಿ ಪತ್ರವೂ ಬಂದಿದೆ. ಇನ್ನು ಚಿಂತೆಯಿಲ್ಲವೆಂದು ಅನೇಕರು ತಿಳಿಯುತ್ತಾರೆ. ಆದರೆ ಆ ಪತ್ರ ಹಣವಲ್ಲ. ಷರತ್ತಿಗೆ ಒಳಪಟ್ಟ ಒಪ್ಪಿಗೆ ಮಾತ್ರ. ಹಣ ಬಿಡುವ ಮುನ್ನ ಬ್ಯಾಂಕು ನಿಮ್ಮ ಸಾಲದ ದಾಖಲೆಯನ್ನು ಮತ್ತೊಮ್ಮೆ ನೋಡಬಹುದು. ಸ್ಥಿತಿ ಬದಲಾಗಿದ್ದರೆ ಮೊತ್ತ ಇಳಿಸಬಹುದು, ಕೊಡದೆಯೂ ಇರಬಹುದು. ಆದ್ದರಿಂದ ಅರ್ಜಿ ಕೊಟ್ಟ ದಿನ ನಿಮ್ಮ ಹಣಕಾಸು ಹೇಗಿತ್ತೋ, ಹಣ ಕೈಸೇರುವವರೆಗೂ ಹಾಗೆಯೇ ಇರಲಿ.

1. ಹೊಸ ಸಾಲ ಮಾಡಬೇಡಿರಿ. ಒಂದು ಉದಾಹರಣೆ ನೋಡಿರಿ. ತಿಂಗಳ ಆದಾಯ 25,000 ರೂ. ಇದೆ; ಅದರ ಅರ್ಧದವರೆಗೆ ಕಂತು ಇರಬಹುದೆಂದು ಬ್ಯಾಂಕು ಲೆಕ್ಕ ಹಾಕಿದೆ ಎನ್ನೋಣ. ಶೇಕಡಾ 9ರ ಬಡ್ಡಿಗೆ 20 ವರ್ಷದ 10 ಲಕ್ಷ ಸಾಲಕ್ಕೆ ತಿಂಗಳ ಕಂತು ಸುಮಾರು 9,000 ರೂ. ಉಳಿಯುವುದು 3,500. ಈ ನಡುವೆ 4,000 ರೂ. ಕಂತಿನ ಮೋಟಾರ್ ಸೈಕಲ್ಲನ್ನೋ, ರಬಕವಿ-ಬನಹಟ್ಟಿಯ ಕಡೆಯವರು ಮಗ್ಗವನ್ನೋ ಕೊಂಡರೆ ಲೆಕ್ಕ ತಪ್ಪಿತು. ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಸಾಲದ ವಿವರವನ್ನು ಸಿಬಿಲ್ ಮೊದಲಾದ ಸಂಸ್ಥೆಗಳಿಗೆ ಕಳಿಸಬೇಕೆಂಬ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂತು. ಹೊಸ ಸಾಲ ಬಹುದಿನ ಮರೆಯಾಗಿರುವುದಿಲ್ಲ.

2. ಜಾಮೀನು ನಿಲ್ಲಬೇಡಿರಿ. ಬೀಗರು, ಅಣ್ಣತಮ್ಮಂದಿರು ಕೇಳಿದಾಗ ಇಲ್ಲವೆನ್ನುವುದು ಕಷ್ಟ. ಆದರೂ ಅವರ ಸಾಲ ನಿಮ್ಮ ಹೊಣೆಯಾಗಿ ದಾಖಲಾಗುತ್ತದೆ. “ನನ್ನ ಮನೆಸಾಲ ಕೈಗೆ ಬರಲಿ, ಆಮೇಲೆ ನೋಡೋಣ” ಎಂದು ಮೊದಲೇ ಹೇಳಿಬಿಡುವುದು ಲೇಸು.

3. ಹಳೆಯ ಸಾಲದ ವಾಯಿದೆ ತಪ್ಪಿಸಬೇಡಿರಿ. ಸೊಸೈಟಿಯ ಬಡ್ಡಿರಹಿತ ಬೆಳೆಸಾಲದ ಮಿತಿ 2023-24ರಲ್ಲಿ 3 ಲಕ್ಷದಿಂದ 5 ಲಕ್ಷ ರೂ.ಗೆ ಏರಿತು. ಆದರೆ ಈ ಸೌಲಭ್ಯ ವಾಯಿದೆಯೊಳಗೆ ತೀರಿಸಿದವರಿಗೆ ಮಾತ್ರ. ವಾಯಿದೆ ತಪ್ಪಿದರೆ ಬಡ್ಡಿಯೂ ಬೀಳುತ್ತದೆ, ಹೆಸರೂ ಕೆಡುತ್ತದೆ.

4. ಬಾರದ ಹಣವನ್ನು ನಂಬಿ ಮಾತು ಕೊಡಬೇಡಿರಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಸಂದಾಯವಾಗಬೇಕು. ತಡವಾಗುವುದೂ ಉಂಟೆಂಬುದನ್ನು ಮುಧೋಳ, ಜಮಖಂಡಿಯ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಮುಳುಗಡೆ ಪರಿಹಾರಕ್ಕೂ ಇದೇ ಮಾತು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂ. ಎಂದು ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ನಿರ್ಧರಿಸಿತು. ನಿರ್ಧಾರವಾದ ಹಣ ಬೇರೆ, ಖಾತೆಗೆ ಜಮೆಯಾದ ಹಣ ಬೇರೆ. ಬೀಳಗಿ ಕಡೆಯ ಬಾಂಧವರು ಇದನ್ನು ನೆನಪಿಡಬೇಕು.

5. ಕೈಯ ಹಣ ಕಾದಿಡಿರಿ. 30 ಲಕ್ಷ ರೂ.ವರೆಗಿನ ಮನೆಸಾಲದಲ್ಲಿ ಬ್ಯಾಂಕು ಬೆಲೆಯ ಶೇಕಡಾ 90ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಉಳಿದದ್ದು ನಿಮ್ಮದೇ ಆಗಬೇಕು. ಕಟ್ಟುವ ಮನೆಗೆ ಹಣ ಒಮ್ಮೆಲೇ ಬರುವುದಿಲ್ಲ; ಅಡಿಪಾಯ, ಲಿಂಟಲ್, ಛಾವಣಿ ಹೀಗೆ ಕೆಲಸ ನೋಡಿ ಹಂತಹಂತವಾಗಿ ಬರುತ್ತದೆ. ಕೂಡಿಟ್ಟದ್ದನ್ನು ಲಗ್ನಕ್ಕೋ ಜಾತ್ರೆಗೋ ಖರ್ಚು ಮಾಡಿ, ಅಡಿಪಾಯಕ್ಕೆ ಕೈಗಡ ತಂದರೆ ಎರಡು ಬಡ್ಡಿ ತಲೆಯ ಮೇಲೆ ಬೀಳುತ್ತವೆ.

6. ಸಂಚಕಾರ ಕೊಡುವಾಗ ಬರೆಸಿಕೊಳ್ಳಿರಿ. ಕಟ್ಟಿದ ಮನೆಯನ್ನು ಕೊಳ್ಳುವವರು ಸಂಚಕಾರವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಸಾಲ ಸಿಗದಿದ್ದರೆ ಅದನ್ನು ಹಿಂದಿರುಗಿಸತಕ್ಕದ್ದೆಂದು ಕರಾರು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಬೇಕು. ಬಾಯಿಮಾತು ಸಾಲದು.

ಈ ನಡುವೆ ಆಸ್ಪತ್ರೆಯಂಥ ತುರ್ತಿಗೆ ಸಾಲ ಮಾಡಲೇಬೇಕಾಗಿ ಬಂದರೆ ಬಚ್ಚಿಡದೆ ಬ್ಯಾಂಕಿನ ಅಧಿಕಾರಿಗೆ ತಿಳಿಸಿರಿ. ಮೊದಲೇ ತಿಳಿಸಿದರೆ ದಾರಿ ಸಿಗಬಹುದು. ಅವರೇ ಕಂಡುಹಿಡಿದರೆ ನಂಬಿಕೆ ಹೋಗುತ್ತದೆ. ಬಿತ್ತಿದ ಮೇಲೆ ರಾಶಿಯಾಗುವವರೆಗೂ ಹೊಲ ಕಾಯುವವರು ನೀವು. ಮನೆಯ ಹಣವನ್ನೂ ಹಾಗೆಯೇ ಕಾಯಿರಿ.