ಮೋಟರ್ ಯಾಕಪ್ಪ ಮಂಜಾಗೈತೆ?

ಮೊದಲೇ ಒಂದು ತಪ್ಪೊಪ್ಪಿಗೆ. ನನ್ನ ಮೊದಲ ಲೆನ್ಸಿನ ದುಡ್ಡಿನಲ್ಲಿ ಅರ್ಧ ಬಂದದ್ದು ಗೆಳೆಯರ ಲ್ಯಾಬ್ ರೆಕಾರ್ಡ್ ಬರೆದುಕೊಟ್ಟು. ಇದನ್ನು ಓದುತ್ತಿರುವ ಲೆಕ್ಚರರ್‌ಗಳು ದಯವಿಟ್ಟು ಮುಂದಿನ ಪ್ಯಾರಾಕ್ಕೆ ಹೋಗಿಬಿಡಿ. ಉಳಿದರ್ಧ ಅಕ್ಕನದು. ಕ್ಯಾಮೆರಾ ಚಿಕ್ಕಪ್ಪನದು. ಮದುವೆಯಾದ ಹೊಸತರಲ್ಲಿ ಹುಮ್ಮಸ್ಸಿನಿಂದ ಕೊಂಡ ಕ್ಯಾನನ್, ಮಗು ಹುಟ್ಟಿದ ಮೇಲೆ ಬೀರುವಿನ ಮೇಲೆ ದೂಳು ತಿನ್ನುತ್ತಿತ್ತು. ‘ತಗೊಂಡು ಹೋಗೋ, ಬೀಳಿಸಬೇಡ’ ಎಂದು ಕೊಟ್ಟರು. ನಾನು ಹಾಸನದಲ್ಲಿ ಬಿಇ ಮೂರನೇ ವರ್ಷ, ಎಲೆಕ್ಟ್ರಾನಿಕ್ಸ್. ಲ್ಯಾಬಿನಲ್ಲಿ ಸರ್ಕ್ಯೂಟ್ ಯಾವತ್ತೂ ಒಂದೇ ಸಲಕ್ಕೆ ಔಟ್‌ಪುಟ್ ಕೊಟ್ಟಿದ್ದಿಲ್ಲ. ಕ್ಯಾಮೆರಾ ಬಟನ್ ಒತ್ತಿದರೆ ಏನಾದರೊಂದು ಬಂದೇ ಬರುತ್ತಿತ್ತು. ಆ ಸುಖಕ್ಕೆ ಬಿದ್ದೆ.

ಕೊಂಡದ್ದು 50 ಎಂಎಂ ಲೆನ್ಸ್, ಎಫ್ 1.8. ಸೆಕೆಂಡ್ ಹ್ಯಾಂಡ್. ಮುಖದ ಫೋಟೊ ಕಲಿಯುವವರೆಲ್ಲ ಶುರು ಮಾಡುವುದು ಇದರಲ್ಲೇ. ಕಾರಣ ಒಂದೇ, ಹಿಂದಿನದೆಲ್ಲ ಕರಗಿಹೋಗಿ ಮುಖ ಮಾತ್ರ ಎದ್ದು ಕಾಣುತ್ತದೆ. ಹಾಸ್ಟೆಲಿನ ಹಿಂಬದಿಯಲ್ಲಿ ಒಣಹಾಕಿದ ಬನಿಯನ್ನುಗಳೂ ಈ ಲೆನ್ಸಿನಲ್ಲಿ ಬಣ್ಣಬಣ್ಣದ ಮೋಡಗಳಾಗುತ್ತವೆ. ಮೊದಲ ತಿಂಗಳು ಸಿಕ್ಕಸಿಕ್ಕವರನ್ನೆಲ್ಲ ಎಫ್ 1.8ರಲ್ಲೇ ಹೊಡೆದೆ. ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಲೆನ್ಸ್ ಕೊಟ್ಟವನು ಮೋಸ ಮಾಡಿದ ಅಂದುಕೊಂಡೆ. ಆಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ಕ್ಯಾಮೆರಾದಲ್ಲಿ ಮೂರಡಿ ದೂರದಿಂದ ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬೀಳುವ ಆಳ ಒಂದಂಗುಲವೂ ಇಲ್ಲ. ಎದುರಿಗಿರುವವರು ಚೂರು ಓರೆಯಾಗಿ ಕೂತರೆ ಎರಡು ಕಣ್ಣಿನ ನಡುವೆಯೇ ಅದು ಮುಗಿದುಹೋಗುತ್ತದೆ. ಮೋಸ ಯಾರೂ ಮಾಡಿರಲಿಲ್ಲ. ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ, ಎಫ್ 2.8ಕ್ಕೋ 4ಕ್ಕೋ ಇಳಿಸಿಕೊಳ್ಳಬೇಕು, ಅಷ್ಟೆ.

ಸೆಲ್ಫಿಯಲ್ಲಿ ಮೂಗು ಯಾಕೆ ಬದನೆಕಾಯಿಯಾಗುತ್ತದೆ ಎನ್ನುವುದೂ ಲೆಕ್ಕವೇ. ಒಂದಡಿ ದೂರದಲ್ಲಿ ಮೊಬೈಲ್ ಹಿಡಿದರೆ ಮೂಗಿಗೆ 12 ಅಂಗುಲ, ಕಿವಿಗೆ ಸುಮಾರು 17. ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ. ಅದೇ ಐದಡಿ ಹಿಂದೆ ನಿಂತರೆ 60 ಮತ್ತು 65. ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಹಾಗಾಗಿ ಹುಡುಗರೇ, ಪ್ಲೇಸ್‌ಮೆಂಟ್ ಫಾರ್ಮಿಗೆ ಫೋಟೊ ಬೇಕಾದರೆ ಕೈಚಾಚಿ ಸೆಲ್ಫಿ ಹೊಡೆಯಬೇಡಿ. ರೂಮ್‌ಮೇಟ್ ಕೈಗೆ ಮೊಬೈಲ್ ಕೊಟ್ಟು ಐದಡಿ ದೂರ ನಿಲ್ಲಿಸಿ, ಜೂಮ್ ಮಾಡಿಸಿ, ನೀವು ಕಿಟಕಿಗೆ ಮುಖ ಮಾಡಿ ಕೂತುಕೊಳ್ಳಿ. ನನ್ನ ರೂಮ್‌ಮೇಟ್ ಒಂದು ಎಗ್ ಪಫ್ಸ್‌ಗೆ ಅರ್ಧ ಗಂಟೆ ಕಿಟಕಿ ಪಕ್ಕ ಕೂರುತ್ತಿದ್ದ. ನಾನು ಬೆಳಕು ಕಲಿತದ್ದೆಲ್ಲ ಅವನ ಮುಖದ ಮೇಲೆ.

ಇಷ್ಟು ಕಲಿತವನಿಗೆ ಸ್ವಲ್ಪ ತಲೆ ತಿರುಗಿದ್ದು ಸಹಜ.

ಹಾಸನದ ಕಟ್ಟಿನಕೆರೆ ಮಾರುಕಟ್ಟೆಗೆ ಒಂದು ಬೆಳಿಗ್ಗೆ ಹೋದೆ. ಸೊಪ್ಪಿನ ಸಾಲಿನಲ್ಲಿ ಒಬ್ಬ ಅಜ್ಜಿ. ಮುಂದೆ ದಂಟು, ಸಬ್ಬಸಿಗೆ, ಕೊತ್ತಂಬರಿ ಕಟ್ಟುಗಳು. ಪಕ್ಕದ ನಿಂಬೆಹಣ್ಣಿನವಳು ಏನೋ ಅಂದಳು, ಅಜ್ಜಿ ನಕ್ಕರು. ಆರೇಳು ಅಡಿ ದೂರದಿಂದ ಒಂದೇ ಒಂದು ಕ್ಲಿಕ್. ಅವರಿಗೆ ಗೊತ್ತೇ ಆಗಲಿಲ್ಲ. ಕೇಳಿದರೆ ಸಹಜತೆ ಹೋಗುತ್ತದೆ ಎನ್ನುವುದು ಆಗ ನನ್ನ ಸಿದ್ಧಾಂತ. ಕೇಳಲು ನಾಚಿಕೆಯಾಗುತ್ತಿತ್ತು ಎನ್ನುವುದು ನಿಜ.

ರೂಮಿಗೆ ಬಂದು ಚಿತ್ರವನ್ನು ಕಪ್ಪುಬಿಳುಪು ಮಾಡಿದೆ. ಎಡಿಟಿಂಗ್ ಮಾಡುವವರಿಗೆ ಈ ಉಪಾಯ ಗೊತ್ತಿರುತ್ತದೆ: ಕಪ್ಪುಬಿಳುಪು ಮಾಡುವಾಗ ಕಿತ್ತಳೆ ಬಣ್ಣದ ಸ್ಲೈಡರನ್ನು ಕೆಳಗೆಳೆದರೆ ಚರ್ಮ ಕಪ್ಪಾಗುತ್ತದೆ, ಸುಕ್ಕುಗಳು ಉಳುಮೆ ಮಾಡಿದ ಹೊಲದ ಹಾಗೆ ಎದ್ದು ನಿಲ್ಲುತ್ತವೆ. ಮೇಲೆ ಒಂದಿಷ್ಟು ಕ್ಲಾರಿಟಿ. ಅರವತ್ತೈದರ ಅಜ್ಜಿ ಎಂಬತ್ತರವರಾದರು. ಕಾಲೇಜಿನ ಫೆಸ್ಟ್‌ನ ಫೋಟೊ ಸ್ಪರ್ಧೆಗೆ ಕಳಿಸಿದೆ. ಶೀರ್ಷಿಕೆ: ‘ಬಡತನದಲ್ಲೂ ಬಾಡದ ನಗು’. ಮೊದಲ ಬಹುಮಾನ, ಐನೂರು ರೂಪಾಯಿ. ಇನ್‌ಸ್ಟಾಗ್ರಾಂನಲ್ಲಿ ಹಾಕಿದೆ. ನನಗೆ ಯಾವತ್ತೂ ಸಿಗದಷ್ಟು ಲೈಕುಗಳು. ‘ಪಾಪ ಅಜ್ಜಿ’ ಎನ್ನುವ ಕಮೆಂಟುಗಳಿಗೆಲ್ಲ ಕೈಮುಗಿಯುವ ಇಮೋಜಿ ಹಾಕಿದೆ, ಆ ಪಾಪಕ್ಕೆ ನಾನೇ ವಾರಸುದಾರ ಎಂಬಂತೆ.

ನಾಲ್ಕನೇ ದಿನ ಕ್ಯಾಂಟೀನಿನಲ್ಲಿ ಎರಡನೇ ವರ್ಷದ ಹುಡುಗನೊಬ್ಬ ಬಂದು ಎದುರು ನಿಂತ.

‘ಅಣ್ಣ, ಆ ಫೋಟೊ ನೀವೇ ತೆಗ್ದಿದ್ದಾ?’

ಹೊಗಳಿಸಿಕೊಳ್ಳಲು ಸಿದ್ಧನಾಗಿ ಹೌದು ಅಂದೆ.

‘ಅದು ನಮ್ಮಜ್ಜಿ ಅಣ್ಣ. ಫೋಟೊ ಚೆನ್ನಾಗೈತೆ. ಆದ್ರೆ ಬಡತನ ಅಂತ ಯಾಕೆ ಹಾಕಿದ್ರಿ? ನನ್ನ ಫೀಸ್ ಕಟ್ಟಿರೋದೇ ಅಜ್ಜಿ. ಮನೆಗೆ ಬಂದಿದ್ದ ಫ್ರೆಂಡ್ ಒಬ್ಬ ಗುರುತು ಹಿಡಿದು ಕ್ಲಾಸ್ ಗ್ರೂಪಿಗೆ ಹಾಕ್ಬಿಟ್ಟ. ಈಗ ಎಲ್ಲಾರೂ ನನ್ನ ನೋಡಿ ಪಾಪ ಅಂತಾವ್ರೆ.’

ಅವನು ಜಗಳಕ್ಕೆ ಬಂದಿರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಏನಾದರೂ ಎದುರು ಮಾತಾಡಬಹುದಿತ್ತು. ಅಷ್ಟು ಹೇಳಿ ಟೀ ಕೂಡ ಕುಡಿಯದೆ ಹೋದ. ನಾನು ಅಲ್ಲೇ ಕೂತು ಪೋಸ್ಟ್ ಅಳಿಸಿದೆ. ಆದರೆ ಕ್ಲಾಸ್ ಗ್ರೂಪಿಗೆ ಹೋದದ್ದನ್ನು ಅಳಿಸುವ ಬಟನ್ ನನ್ನ ಹತ್ತಿರ ಇರಲಿಲ್ಲ.

ಆ ವಾರ ಇಂಟರ್ನಲ್ಸ್‌ಗೆ ಓದುವ ಬದಲು ಫೋಟೊಗಳ ಬಗ್ಗೆ ಓದಿದೆ. ‘ಮೈಗ್ರಂಟ್ ಮದರ್’ ಚಿತ್ರವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಗಲ್ಲಕ್ಕೆ ಕೈ ಕೊಟ್ಟು ದೂರ ನೋಡುತ್ತಿರುವ ತಾಯಿ, ಎರಡೂ ಹೆಗಲಿಗೆ ಮುಖ ಮುಚ್ಚಿಕೊಂಡ ಮಕ್ಕಳು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ, ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದದ್ದು. ಅಮೆರಿಕದ ಆರ್ಥಿಕ ಕುಸಿತದ ಕಾಲ ಎಂದರೆ ಇವತ್ತಿಗೂ ಆ ಮುಖವೇ. ಲ್ಯಾಂಗ್ ಅವತ್ತು ಆಕೆಯ ಹೆಸರು ಕೇಳಿರಲಿಲ್ಲ. ಹೆಸರು ಹೊರಗೆ ಬಂದದ್ದು 1978ರಲ್ಲಿ, ಪತ್ರಕರ್ತರೊಬ್ಬರು ಆಕೆಯನ್ನು ಹುಡುಕಿದಾಗ: ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಆ ಫೋಟೊ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಕೆ ಆಗ ಹೇಳಿಕೊಂಡಿದ್ದರು. ನನ್ನನ್ನು ಲ್ಯಾಂಗ್‌ಗೆ ಹೋಲಿಸಿಕೊಳ್ಳುವ ಧೈರ್ಯ ನನಗಿಲ್ಲ. ಅವರ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಆ ಬಿಡಾರಕ್ಕೆ ಸರ್ಕಾರದಿಂದ ಆಹಾರ ಹೋಯಿತು. ನನ್ನ ಚಿತ್ರದಿಂದ ಹೋದದ್ದು ಒಬ್ಬ ಹುಡುಗನ ಮರ್ಯಾದೆ.

ಶನಿವಾರ ಆ ಹುಡುಗನನ್ನು ಹುಡುಕಿ, ಅವನ ಜೊತೆಗೇ ಮಾರುಕಟ್ಟೆಗೆ ಹೋದೆ. ಅಜ್ಜಿಗೆ ಮೊಬೈಲಿನಲ್ಲಿ ಫೋಟೊ ತೋರಿಸಿ ತಪ್ಪಾಯಿತು ಅಂದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು.

‘ಇದ್ಯಾರ್ಲಾ? ನಮ್ಮತ್ತೆ ಕಂಡಂಗೆ ಕಾಣ್ತದೆ.’

ನೀವೇ ಅಂದೆ. ನಂಬಲಿಲ್ಲ. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, ‘ದುಡ್ಡು ಕೊಟ್ರಂತಲ್ಲ, ಎಷ್ಟು?’

‘ಐನೂರು ಅಜ್ಜಿ.’

‘ನನ್ ಪಾಲು?’

ತಮಾಷೆ ಅಂದುಕೊಂಡೆ. ಅಲ್ಲ. ಇನ್ನೂರೈವತ್ತು ಎಣಿಸಿ ಕೊಟ್ಟೆ. ಎಲೆಅಡಿಕೆ ಚೀಲಕ್ಕೆ ಸೇರಿತು. ಅಜ್ಜಿ ಮುಖ ಸ್ವಲ್ಪ ಸಡಿಲವಾಯಿತು. ‘ನೋಡ್ ಮಗ, ಸೊಪ್ಪು ಮಾರಿ ಮೂರು ಹೆಣ್ಮಕ್ಕಳ ಮದ್ವೆ ಮಾಡಿವ್ನಿ. ಬೋರ್ ತೆಗ್ಸಿವ್ನಿ. ಹಿಡಿಯೋದಾದ್ರೆ ಅದರ ತಾವ ಹಿಡಿ. ಕಲರ್‌ನಾಗೆ ಹಿಡಿ. ಈ ಹಳೇ ಸೀರೇಲಿ ಬ್ಯಾಡ.’

ಇಪ್ಪತ್ತು ವರ್ಷಕ್ಕೆ ನನಗೆ ಸಿಕ್ಕ ಮೊದಲ ಅಸೈನ್‌ಮೆಂಟ್ ಅದು.

ಭಾನುವಾರ ಅವರ ಹಳ್ಳಿಗೆ ಹೋದೆ. ಬೆಳಿಗ್ಗೆ ಏಳರ ಎಳೆಬಿಸಿಲಿನಲ್ಲಿ ತೆಗೆದರೆ ಮುಖ ಚೆನ್ನಾಗಿ ಬರುತ್ತದೆ ಎಂದು ನಾನು. ಮೋಟರ್ ಓಡುತ್ತಿರಬೇಕು, ನೀರು ಬೀಳುತ್ತಿರಬೇಕು ಎಂದು ಅಜ್ಜಿ. ಹೊಲಕ್ಕೆ ಥ್ರೀಫೇಸ್ ಕರೆಂಟ್ ಬರುವುದು ದಿನಕ್ಕೆ ಕೆಲವೇ ಗಂಟೆ, ಅವತ್ತು ಬಂದದ್ದು ಹನ್ನೊಂದೂವರೆಗೆ. ನೆತ್ತಿಯ ಮೇಲೆ ಸೂರ್ಯ. ಈ ಬೆಳಕಿನಲ್ಲಿ ಯಾರನ್ನೇ ನಿಲ್ಲಿಸಿದರೂ ಕಣ್ಣುಗುಳಿಗಳು ಕಪ್ಪು ಹೊಂಡಗಳಾಗುತ್ತವೆ. ಪಂಪ್‌ಹೌಸಿನ ತಗಡಿನ ಸೂರಿನ ನೆರಳು ತೊಟ್ಟಿಯ ಅಂಚಿನವರೆಗೂ ಬೀಳುತ್ತಿತ್ತು. ಅಜ್ಜಿಯನ್ನು ಆ ನೆರಳಿಗೆ ಕರೆದೆ. ಮೊಮ್ಮಗ ಅವರಪ್ಪನ ಬಿಳಿ ಪಂಚೆಯನ್ನು ಬಿಡಿಸಿಕೊಂಡು ಎದುರು ಬಿಸಿಲಿನಲ್ಲಿ ನಿಂತ. ಬಿಸಿಲು ಪಂಚೆಗೆ ಬಡಿದು ಮೆತ್ತಗಾಗಿ ಅಜ್ಜಿಯ ಮುಖಕ್ಕೆ ಬಂತು. ಸಾವಿರಾರು ರೂಪಾಯಿಯ ಲೈಟು ಮಾಡುವ ಕೆಲಸವನ್ನು ಪಂಚೆ ಮಾಡಿತು, ಅವನ ಕೈನೋವು ಒಂದು ಬಿಟ್ಟರೆ.

ಇನ್ನೊಂದು ಸಂಗತಿಯೂ ಅವತ್ತು ಅರ್ಥವಾಯಿತು. ಕ್ಯಾಮೆರಾದ ಮೀಟರ್ ತನ್ನೆದುರಿನ ಲೋಕವೆಲ್ಲ ಸರಾಸರಿ ಬೂದುಬಣ್ಣ ಎಂದೇ ನಂಬಿರುತ್ತದೆ. ಹಿಂದೆ ಬೆಳಕು ಹೆಚ್ಚಿದ್ದರೆ ಅದನ್ನು ತಗ್ಗಿಸಲು ಹೋಗಿ ಮುಂದಿನ ಮುಖವನ್ನು ಕತ್ತಲೆಗೆ ತಳ್ಳುತ್ತದೆ. ಮಾರುಕಟ್ಟೆಯಲ್ಲಿ ಅಜ್ಜಿಯ ಹಿಂದೆ ಇದ್ದದ್ದು ಬೆಳ್ಳನೆಯ ಪ್ಲಾಸ್ಟಿಕ್ ಶೀಟು. ಅರ್ಧ ಕಪ್ಪು ಮಾಡಿದ್ದು ಕ್ಯಾಮೆರಾ, ಉಳಿದರ್ಧ ನಾನು. ‘ವಸಿ ಬೆಳ್ಳಗೆ ಬರೋ ಹಂಗೆ ಹಿಡಿ ಮಗ’ ಅಂತ ಅಜ್ಜಿ ಅಂದಾಗ ಒಳಗೊಳಗೇ ಮುಜುಗರವಾಗಿತ್ತು, ಫಿಲ್ಟರ್ ಹಾಕಿ ಬಿಳಿ ಮಾಡುವವರನ್ನು ಕಂಡರೆ ನನಗಾಗುವುದಿಲ್ಲ. ಈಗ ಮುಖದ ಮೇಲಷ್ಟೇ ಬೆಳಕು ಅಳೆದು ತೆಗೆದೆ, ಯಾವ ಫಿಲ್ಟರೂ ಇಲ್ಲದೆ ಅಜ್ಜಿ ಬಂದರು, ಇದ್ದ ಹಾಗೆ, ಇದ್ದ ಬಣ್ಣದಲ್ಲಿ. ‘ಹಾಂ, ಇದು ನಾನು’ ಅಂದರು.

ಆಮೇಲೆ ಕ್ಯಾಮೆರಾದ ಹಿಂಬದಿಯ ಪರದೆಯನ್ನೇ ಇನ್ನೊಮ್ಮೆ ದಿಟ್ಟಿಸಿದರು.

‘ಮೋಟರ್ ಯಾಕಪ್ಪ ಮಂಜಾಗೈತೆ? ನಿನ್ ಕ್ಯಾಮೆರಾ ಕೆಟ್ಟೈತಾ?’

ಅಭ್ಯಾಸಬಲ. ಎಫ್ 1.8ರಲ್ಲೇ ಹೊಡೆದಿದ್ದೆ. ಮೂವತ್ತು ವರ್ಷದ ಸೊಪ್ಪಿನ ದುಡ್ಡು, ಹಿಂದೆ ಸುಂದರವಾದ ಮೋಡವಾಗಿ ಕರಗಿಹೋಗಿತ್ತು. ಬ್ಲರ್ ಎಂದರೆ ಏನು ಎಂದು ವಿವರಿಸಲು ಹೋಗಲಿಲ್ಲ. ಎಫ್ 8ಕ್ಕೆ ತಿರುಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಅಜ್ಜಿಯನ್ನು ಪೈಪಿನ ಪಕ್ಕಕ್ಕೇ ನಿಲ್ಲಿಸಿದೆ. ಹಸಿರು ರೇಷ್ಮೆ ಸೀರೆ, ಎರಡೂ ಕೈ ನೇರ ಕೆಳಗೆ, ಗಲ್ಲ ಮೇಲೆ. ನಗಿ ಅಜ್ಜಿ ಅಂದೆ. ‘ಯಾಕೆ ಹಲ್ಲು ಕಿರೀಬೇಕು? ಸುಮ್ನೆ ಹಿಡಿ’ ಅಂದರು. ಹಿಡಿದೆ. ಸ್ಪರ್ಧೆಗೆ ಕಳಿಸಿದರೆ ಈ ಚಿತ್ರ ಮೊದಲ ಸುತ್ತಿನಲ್ಲೇ ಹೊರಗೆ. ಪಾಸ್‌ಪೋರ್ಟ್ ಫೋಟೊದ ಹಾಗೆ ನಿಂತ ಹೆಂಗಸು, ಪಕ್ಕದಲ್ಲಿ ಕಬ್ಬಿಣದ ಪೈಪು, ಅದರಿಂದ ಧುಮುಕುವ ನೀರು, ಹಿಂದೆ ಸ್ಟಾರ್ಟರ್ ಡಬ್ಬಿ. ಎಲ್ಲವೂ ಸ್ಪಷ್ಟ.

ಹನ್ನೆರಡಕ್ಕೆ ಹದಿನೆಂಟು ಇಂಚಿನ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಮುಂದಿನ ವಾರ ಕೊಟ್ಟುಬಂದೆ. ಬಹುಮಾನದಲ್ಲಿ ಉಳಿದಿದ್ದ ಇನ್ನೂರೈವತ್ತು ಅದಕ್ಕೇ ಸಾಲಲಿಲ್ಲ, ಇನ್ನೊಂದು ಲ್ಯಾಬ್ ರೆಕಾರ್ಡ್ ಬರೆಯಬೇಕಾಯಿತು. ಮೊಮ್ಮಗ ಅದನ್ನು ತಾತನ ಫೋಟೊ ಪಕ್ಕದ ಮೊಳೆಗೆ ನೇತುಹಾಕಲು ಹೋದ. ‘ಸತ್ತೋರ ಸಾಲಲ್ಲಿ ಯಾಕ್ಲಾ ಹಾಕ್ತೀಯ?’ ಅಂತ ಅಜ್ಜಿ ಗದರಿಸಿದರು. ಕೊನೆಗೆ ಟಿವಿ ಮೇಲಿನ ಗೋಡೆಗೆ ಹೊಸ ಮೊಳೆ ಹೊಡೆದರು.

ಹೊರಡುವಾಗ ನಾಲ್ಕು ಕಟ್ಟು ಸೊಪ್ಪು ಕೈಗಿಟ್ಟರು. ಹಾಸ್ಟೆಲ್ ಅಜ್ಜಿ, ಅಡುಗೆ ಮಾಡಲ್ಲ ಅಂದರೂ ಬಿಡಲಿಲ್ಲ. ಬಸ್ಸಿನಲ್ಲಿ ಒಂದು ಹೆಗಲಿಗೆ ಕ್ಯಾಮೆರಾ ಬ್ಯಾಗು, ಇನ್ನೊಂದು ಕೈಯಲ್ಲಿ ದಂಟು. ಮೆಸ್ಸಿನ ಭಟ್ಟರಿಗೆ ಒಪ್ಪಿಸಿದೆ. ಅವತ್ತು ರಾತ್ರಿ ನಮ್ಮ ಟೇಬಲ್ಲಿನ ಆರು ಜನಕ್ಕೆ ಮಾತ್ರ ಮಸ್ಸೊಪ್ಪು. ಉಪ್ಪು ಸ್ವಲ್ಪ ಕಡಿಮೆಯಾಗಿತ್ತು.